ಮೋಟರ್ ಸುಟ್ಟ ಎಂಜಿನ್ನು ಕ್ರೇನ್ ಆಯಿತು

ಬೆಂಗಳೂರಿನ ಸಂಡೇ ಬಜಾರಿನಲ್ಲಿ ಹಳೇ ಚಾರ್ಜರು, ನಿಂತ ಗಡಿಯಾರಗಳ ನಡುವೆ ಅದು ಮಗ್ಗುಲಾಗಿ ಬಿದ್ದಿತ್ತು. ನಾಲ್ಕೇ ಚಕ್ರದ ಪುಟ್ಟ ಉಗಿ ಎಂಜಿನ್ನಿನ ಮಾದರಿ, ಓಓ ಸ್ಕೇಲಿನದು. ಅಂದರೆ ನಿಜದ ಒಂದು ಅಡಿ ಇಲ್ಲಿ 4 ಮಿ.ಮೀ., ಹಳಿಗಳ ನಡುವೆ 16.5 ಮಿ.ಮೀ. ಚಿಮಣಿ ಮುರಿದಿತ್ತು, ಮೋಟರಿನಿಂದ ಸುಟ್ಟ ವಾಸನೆ ಬರುತ್ತಿತ್ತು. ಎಂಟುನೂರು ಅಂದವನ ಹತ್ತಿರ ಚೌಕಾಸಿ ಮಾಡಿ ಐನೂರಕ್ಕೆ ತಂದೆ.

ಹೊಸ ಮೋಟರ್ ಹಾಕಿ ಓಡಿಸಬಹುದಿತ್ತು. ಆದರೆ ಓಡುವ ಎಂಜಿನ್ನು ಪುಟ್ಟ ಹಳಿ ಹಾಸಿದ ನನ್ನ ಬೋರ್ಡಿನ ಮೇಲೆ ಆಗಲೇ ಮೂರಿವೆ. ಇಲ್ಲದ್ದು ಕ್ರೇನು. ಚಿಕ್ಕವನಿದ್ದಾಗ ಹುಬ್ಬಳ್ಳಿ ಯಾರ್ಡಿನಲ್ಲಿ ಹಳಿ ತಪ್ಪಿದ ಗೂಡ್ಸ್ ಡಬ್ಬಿಯನ್ನು ಕ್ರೇನು ಎತ್ತಿ ಕೂರಿಸಿದ್ದನ್ನು ಅಪ್ಪನ ಹೆಗಲೇರಿ ನೋಡಿದ್ದೆ, ಅದು ತಲೆಯಿಂದ ಹೋಗಿರಲಿಲ್ಲ. ಎಂಜಿನ್ನಿಗೂ ಕ್ರೇನಿಗೂ ನಂಟು ಹಾಕುವುದು ನನ್ನೊಬ್ಬನ ಹುಚ್ಚೂ ಅಲ್ಲ. ಇಂಗ್ಲೆಂಡಿನ ಸಂಡರ್‌ಲ್ಯಾಂಡಿನ ಡಾಕ್ಸ್‌ಫರ್ಡ್ ಹಡಗು ಕಾರ್ಖಾನೆಯಲ್ಲಿ ಮೈಮೇಲೆ ಕ್ರೇನು ಹೊತ್ತ ಉಗಿ ಎಂಜಿನ್ನುಗಳು 1971ರವರೆಗೆ ದುಡಿದವು. ಅವನ್ನು ಕ್ರೇನ್ ಟ್ಯಾಂಕ್ ಅನ್ನುತ್ತಾರೆ. ನಾನು ಮಾತ್ರ ಬಾಯ್ಲರನ್ನೇ ಕಿತ್ತು, ಸುತ್ತಲೂ ತಿರುಗುವ, ಹಳಿ ತಪ್ಪಿದ ಡಬ್ಬಿ ಎತ್ತುವ ಹಳೇ ಬ್ರೇಕ್‌ಡೌನ್ ಕ್ರೇನಿನ ಥರ ಮಾಡಿದೆ. ಯಾವುದೇ ಒಂದು ನಿಜ ಕ್ರೇನಿನ ನಕಲು ಅಲ್ಲ ಇದು.

ವ್ಯಾಗನ್ ಬಿಟ್ಟು ಎಂಜಿನ್ನೇ ಯಾಕೆ ಎಂದು ಗೆಳೆಯರು ಕೇಳಿದರು. ಎಂಜಿನ್ನಿನ ಚಾಸಿ, ಅಂದರೆ ತಳದ ಚೌಕಟ್ಟು, ಎರಕದ ಲೋಹದ್ದು, ತೂಕ ಇರುತ್ತದೆ. ಚಕ್ರದಿಂದ ಕರೆಂಟ್ ಎತ್ತಿಕೊಳ್ಳುವ ತಾಮ್ರದ ಪಟ್ಟಿಗಳೂ ತಯಾರಾಗಿಯೇ ಇರುತ್ತವೆ. ಸುಟ್ಟ ಮೋಟರ್ ಜೊತೆ ಅದನ್ನು ಚಕ್ರಕ್ಕೆ ಜೋಡಿಸುವ ತಿರುಪಿನಂಥ ವರ್ಮ್ ಗೇರನ್ನೂ ತೆಗೆದೆ, ಚಕ್ರ ಸಲೀಸಾಗಿ ಉರುಳತೊಡಗಿತು. ಗರಗಸದಿಂದ ಚಾಲಕ ನಿಲ್ಲುವ ಕ್ಯಾಬ್ ಬೇರೆ ಮಾಡಿ ಅದನ್ನೇ ಕ್ರೇನಿನ ಮನೆ, ಅಂದರೆ ಚಾಸಿಯ ಮೇಲೆ ತಿರುಗುವ ಭಾಗ, ಮಾಡಿದೆ. ಬಾಯ್ಲರಿನ ಒಂದು ತುಂಡನ್ನು ಹಿಂದುಗಡೆ ನೆಟ್ಟಗೆ ನಿಲ್ಲಿಸಿದೆ, ಇಂಥ ಉಗಿ ಕ್ರೇನುಗಳಲ್ಲಿ ಬಾಯ್ಲರ್ ಸಾಮಾನ್ಯವಾಗಿ ನಿಂತೇ ಇರುತ್ತದೆ.

ಕ್ರೇನಿನ ಮನೆ ತಿರುಗುವುದಕ್ಕೆ ಹಳೇ ಟ್ರಾನ್ಸಿಸ್ಟರಿನ ಏರಿಯಲ್ ಕೆಲಸಕ್ಕೆ ಬಂತು. ಒಂದರೊಳಗೊಂದು ಸರಿಯುವ ಹಿತ್ತಾಳೆ ಕೊಳವೆಗಳು. ದಪ್ಪನೆಯದನ್ನು ಚಾಸಿಗೆ, ಸಣ್ಣದನ್ನು ಮನೆಗೆ ಬಿಗಿದೆ. ವೈರು ಒಳಗಿಂದಲೇ ಹಾಯುತ್ತದೆ. ಸುತ್ತ ತಿರುಗಿಸುತ್ತಲೇ ಇದ್ದರೆ ವೈರು ಹುರಿಗೊಳ್ಳುತ್ತದೆ, ಅದಕ್ಕೆ ಅರ್ಧ ಸುತ್ತು ತಿರುಗಿದೊಡನೆ ತಡೆಯುವ ಮೊಳೆಯೊಂದನ್ನು ಇಟ್ಟೆ.

ಬೂಮಿಗೆ, ಅಂದರೆ ಕ್ರೇನಿನ ಉದ್ದನೆಯ ತೋಳಿಗೆ, ಮೂರು ರಾತ್ರಿ ಹಿಡಿಯಿತು. 112 ಮಿ.ಮೀ. ಉದ್ದ, ನಿಜದ ಲೆಕ್ಕದಲ್ಲಿ 28 ಅಡಿ. ಗ್ರಾಫ್ ಹಾಳೆಯ ಮೇಲೆ ನಕ್ಷೆ ಬರೆದು, ಹಲಗೆಗೆ ಅಂಟಿಸಿ, ಹಿತ್ತಾಳೆ ಪಟ್ಟಿಗಳನ್ನು ಗುಂಡುಪಿನ್ನಿನಲ್ಲಿ ಹಿಡಿದು ಬೆಸೆದೆ. ಹೊಸ ಬೆಸುಗೆಯ ಬಿಸಿಗೆ ಪಕ್ಕದ ಬೆಸುಗೆ ಬಿಟ್ಟುಕೊಳ್ಳುತ್ತಿತ್ತು. ಮೊದಲ ಬೂಮು ಹೀಗೇ ಬಿಚ್ಚಿ ಹೋಯಿತು. ಎರಡನೆಯದಕ್ಕೆ ಬೆಸೆದ ಜಾಗದ ಮೇಲೆಲ್ಲ ಒದ್ದೆ ಹತ್ತಿ ಇಟ್ಟುಕೊಂಡು ಮುಂದುವರಿದೆ, ನಿಂತಿತು.

ಎತ್ತುವ ಕೆಲಸಕ್ಕೆ ಎಸ್.ಪಿ. ರೋಡಿನಲ್ಲಿ ಸಿಗುವ ಎನ್20 ಗೇರ್ ಮೋಟರು, 12 ವೋಲ್ಟಿಗೆ ನಿಮಿಷಕ್ಕೆ 30 ಸುತ್ತಿನದು. ಅದರ ಬಾಲ ಕ್ಯಾಬಿನಿಂದ ಸ್ವಲ್ಪ ಹೊರಗೆ ಇಣುಕುತ್ತದೆ, ಪೆಟ್ಟಿಗೆಯೊಂದರ ವೇಷ ಹಾಕಿಸಿ ಮುಚ್ಚಿದ್ದೇನೆ. ಹೊಲಿಗೆ ದಾರದ ಎಳೆ ಏಳದಂತೆ ಜೇನುಮೇಣ ಸವರಿದೆ. ಕೊಕ್ಕೆ ಮೇಲೇನೋ ಏರಿತು, ಇಳಿಯಲೊಲ್ಲದು. ದಾರ ಅದನ್ನು ಸುತ್ತುವ ಡ್ರಮ್ಮಿನಲ್ಲೇ ಸಡಿಲವಾಗಿ ಉಂಡೆಗಟ್ಟಿತು. ಕೊಕ್ಕೆ ತೀರಾ ಹಗುರ. ಜೊತೆಗೆ ಅಂದಕ್ಕೆಂದು ನಾನು ದಾರವನ್ನು ರಾಟೆಗಳ ಮೇಲೆ ನಾಲ್ಕು ಸಲ ಹಾಯಿಸಿದ್ದೆ, ಒಂದೊಂದು ರಾಟೆಯೂ ಘರ್ಷಣೆ ಹೆಚ್ಚಿಸುತ್ತದೆ. ನಾಲ್ಕನ್ನು ಎರಡಕ್ಕಿಳಿಸಿ, ಗಾಳದ ಸೀಸದ ಗುಂಡು ಸೇರಿಸಿ ಕೊಕ್ಕೆಯನ್ನು 6 ಗ್ರಾಂ ಮಾಡಿದ ಮೇಲೆ ಇಳಿಯಿತು. (ಸೀಸ ಮುಟ್ಟಿದ ಕೈಯನ್ನು ತೊಳೆಯದೆ ಬಾಯಿಗೆ ಒಯ್ಯಬೇಡಿ.)

ಮೊದಲ ಪ್ರಯೋಗದ ದಿನ ಮನೆಮಂದಿಯೆಲ್ಲ ಸೇರಿದ್ದರು. ಕ್ರೇನಿಗೆ ಎಂಜಿನ್ ಜೋಡಿಸಿ ತಂದು ನಿಲ್ಲಿಸಿ, ಎತ್ತೋಣ ಅಂತ ಕರೆಂಟ್ ಕೊಟ್ಟೆ. ಹಳಿಯಲ್ಲಿ ಹರಿಯುವ ಕರೆಂಟು ಎರಡಕ್ಕೂ ಒಂದೇ ಅನ್ನುವುದು ಆ ಕ್ಷಣದವರೆಗೆ ನನಗೆ ಹೊಳೆದಿರಲಿಲ್ಲ! ಕೊಕ್ಕೆ ಏರುವ ಮೊದಲೇ ಎಂಜಿನ್ನು ಕ್ರೇನನ್ನು ಎಳೆದುಕೊಂಡು ಓಡಿತು, ಬೂಮು ಸಿಗ್ನಲ್ ಕಂಬಕ್ಕೆ ಬಡಿಯಿತು. "ಅಪ್ಪಾ, ಕ್ರೇನ್ ಎತ್ತಕ್ಕೆ ಇನ್ನೊಂದು ಕ್ರೇನ್ ತರಿಸಿ" ಅಂದಳು ಮಗಳು. ಆಮೇಲೆ ಒಂದು ಅಡಿ ಹಳಿಯ ಎರಡೂ ತುದಿಯಲ್ಲಿ ಪ್ಲಾಸ್ಟಿಕ್ ಜೋಡಿಕೆ ಹಾಕಿ, ಆ ತುಂಡಿಗೆ ಬೇರೆ ಸ್ವಿಚ್ ಕೊಟ್ಟೆ. ಈಗ ಎಂಜಿನ್ನು ಕ್ರೇನನ್ನು ಅಲ್ಲಿ ಬಿಟ್ಟು ಹಿಂದೆ ಸರಿದು ನಿಲ್ಲುತ್ತದೆ.

ಇಷ್ಟಾದರೂ ಮುಖ್ಯ ಪೆಟ್ಟು ಬಾಕಿ ಇತ್ತು. ಬೂಮನ್ನು ಪಕ್ಕಕ್ಕೆ ತಿರುಗಿಸಿ ಹತ್ತು ರೂಪಾಯಿ ನಾಣ್ಯ ಎತ್ತಿದೆ, ಇಡೀ ಕ್ರೇನು ಮಗುಚಿತು. ಕಾಗದ ಹಿಡಿದು ಕೂತೆ. ಕೊಕ್ಕೆ, ನಾಣ್ಯ ಸೇರಿ ಹೆಚ್ಚುಕಮ್ಮಿ 14 ಗ್ರಾಂ, ನಡುಗಂಬದಿಂದ 70 ಮಿ.ಮೀ. ಆಚೆ. ಮಗುಚುವುದು ಹಳಿಯ ಅಂಚಿನ ಮೇಲೆ, ಅದು ನಡುವಿನಿಂದ 8.25 ಮಿ.ಮೀ. ತೂಕವನ್ನು ಆ ಅಂಚಿನಿಂದ ಇರುವ ದೂರಕ್ಕೆ ಗುಣಿಸಿದರೆ ಒಂದೊಂದರ ಪಾಲು ಸಿಗುತ್ತದೆ, ಹಾಗಾಗಿ ಭಾರದ ಪಾಲು 14 ಗುಣಿಸು 62, ಅಂದರೆ 868. ಬೂಮು ಬಿಟ್ಟು ಉಳಿದ ಕ್ರೇನು 100 ಗ್ರಾಂ, ಅದರ ಪಾಲು ಬರೀ 825. ಬೂಮಿನ ತೂಕ ಸೇರಿಸುವ ಮೊದಲೇ ಸೋತಾಗಿತ್ತು.

ಟೈರ್ ಅಂಗಡಿಯವರು ಚಕ್ರಕ್ಕೆ ಅಂಟಿಸುವ 5 ಗ್ರಾಂ ತೂಕದ ಬಿಲ್ಲೆಗಳನ್ನು ನಾಲ್ಕು ಇಸಿದುಕೊಂಡು ಬಂದು ಕ್ರೇನಿನ ಮನೆಯ ಹಿಂಬದಿಗೆ ಅಂಟಿಸಿದೆ. ನಿಂತಿತು. ನಾಣ್ಯ ತೂಗಾಡಿದರೆ ಮಾತ್ರ ಎದೆ ಧಸಕ್ಕೆನ್ನುತ್ತಿತ್ತು. ಇನ್ನಷ್ಟು ಬಿಲ್ಲೆ ಮೆತ್ತುವ ಮೊದಲು ಹುಬ್ಬಳ್ಳಿಯದು ಜ್ಞಾಪಕಕ್ಕೆ ಬಂತು: ಆ ಕ್ರೇನು ಭಾರ ಎತ್ತುವ ಮುನ್ನ ಪಕ್ಕಕ್ಕೆ ಕಾಲು ಚಾಚಿತ್ತು, ಅದರಡಿ ಆಳುಗಳು ಮರದ ಸ್ಲೀಪರ್ ಒಟ್ಟಿದ್ದರು. ನಾನು ಕಾಲುಗಳನ್ನು ಬರೀ ಅಲಂಕಾರಕ್ಕೆಂದು ಅಂಟಿಸಿಬಿಟ್ಟಿದ್ದೆ. ಕಿತ್ತು, ಜಾರುವ ಹಿತ್ತಾಳೆ ಪಟ್ಟಿ ಮಾಡಿ, ನಡುವಿನಿಂದ 20 ಮಿ.ಮೀ. ಹೊರಗೆ ಬರುವಂತೆ ಇಟ್ಟು, ಅಡಿಗೆ ಬೆಂಕಿಕಡ್ಡಿ ಕೊಟ್ಟೆ. ಮಗುಚುವ ಅಂಚೇ ಆಚೆ ಸರಿಯಿತು. ಕ್ರೇನಿನ ಪಾಲು 2000ಕ್ಕೆ ಏರಿತು, ಭಾರದ್ದು 700ಕ್ಕೆ ಇಳಿಯಿತು. ಎರಡು ಬಿಲ್ಲೆ ಕಿತ್ತರೂ ಅಲುಗಲಿಲ್ಲ.

ಬಣ್ಣ ಇನ್ನೂ ಪ್ರೈಮರ್ ಹಂತದಲ್ಲೇ ಇದೆ. ಸಾಗುವಾಗ ಬೂಮು ಮುಂದಕ್ಕೆ ಚಾಚಿಕೊಳ್ಳುವುದರಿಂದ ಅದರಡಿ ಒಂದು ಖಾಲಿ ಫ್ಲಾಟ್ ವ್ಯಾಗನ್ ಬೇಕು. ಈ ಭಾನುವಾರ ಮತ್ತೆ ಬಜಾರಿಗೆ ಹೋಗಬೇಕು.