ಕಾರ್ಡ್ ಕಾಳಗದ ನೇರಪ್ರಸಾರ: ನಮ್ಮ ಮಾತು ಹಳಿಗೆ ಬಂದ ಬಗೆ

ಗೆಳೆಯನೂ ನಾನೂ ಪ್ರತಿ ಶನಿವಾರ ರಾತ್ರಿ ಯೂ-ಗಿ-ಓ ಕಾರ್ಡ್ ಆಟವನ್ನು ಪಾತ್ರ ತೊಟ್ಟು ಆಡಿ, ನೇರಪ್ರಸಾರ ಮಾಡುತ್ತೇವೆ. ಅವನು ಸೊಕ್ಕಿನ ದಂಡನಾಯಕ, ನಾನು ಮುದಿ ಮಂತ್ರವಾದಿ. ಮಾತಿಗೆ ಕೊರತೆಯಿರಲಿಲ್ಲ. ಆದರೆ ನೋಡುಗರು "ಈಗ ಏನಾಯಿತು? ಯಾರ ಅಂಕ ಇಳಿಯಿತು?" ಎಂದು ಕೇಳುತ್ತಲೇ ಇದ್ದರು.

ಮೊದಲು ಬೆಳಕು ಸರಿಪಡಿಸಿದೆವು. ಹೊಳಪಿನ ಕವಚದಲ್ಲಿ ದೀಪ ಪ್ರತಿಫಲಿಸಿ ಕಾರ್ಡು ಬರೀ ಬಿಳಿ ಚೌಕವಾಗಿ ಕಾಣುತ್ತಿತ್ತು. ದೀಪವನ್ನು ಪಕ್ಕಕ್ಕೆ ಸರಿಸಿ, ಹೊಳಪಿಲ್ಲದ ಕವಚ ಹಾಕಿ, ಕ್ಯಾಮೆರಾದ ಫೋಕಸ್ ಒಂದೇ ಕಡೆ ನಿಲ್ಲುವಂತೆ ಮಾಡಿದ ಮೇಲೆ ಅರ್ಧ ತೊಂದರೆ ಕಳೆಯಿತು.

ಉಳಿದರ್ಧ ಮಾತಿನದು. ಈ ಆಟದಲ್ಲಿ ಒಬ್ಬನ ನಡೆಗೆ ಎದುರಾಳಿ ನಡುವೆಯೇ ಉತ್ತರ ಕೊಡಬಹುದು. ಕೊನೆಗೆ ಬಂದ ಉತ್ತರವೇ ಮೊದಲು ಜಾರಿಯಾಗುತ್ತದೆ. ನಾನು ಕಾರ್ಡಿಡುತ್ತಲೇ ಅಬ್ಬರಿಸುತ್ತಿದ್ದೆ. ಅವನು ಅದನ್ನು ತಡೆದರೆ ಅಬ್ಬರವೆಲ್ಲ ಹುಸಿಯಾಗುತ್ತಿತ್ತು.

ದಾರಿ ತೋರಿಸಿದ್ದು ತಾಳಮದ್ದಳೆ. ಅಲ್ಲಿ ಭಾಗವತರು ಪದ್ಯ ಹಾಡಿದ ಮೇಲೆ ಅರ್ಥಧಾರಿ ಅದನ್ನು ಮಾತಿನಲ್ಲಿ ಬೆಳೆಸುತ್ತಾರೆ. ನಾವೂ ಹಾಗೆಯೇ ಮಾಡಿದೆವು. ಮೊದಲು ಕಾರ್ಡಿನ ಹೆಸರು, ಅದು ಮಾಡುವ ಕೆಲಸ, ಸಾದಾ ದನಿಯಲ್ಲಿ. "ಉತ್ತರ ಇದೆಯೇ?" ಎಂದು ಕೇಳಬೇಕು. ಇಲ್ಲವೆಂದರೆ ಮಾತ್ರ ಕಾರ್ಡಿನ ಮೇಲೆ ಬೆರಳಿಟ್ಟು ಪಾತ್ರದ ಮಾತು.

ಕಳೆದ ವಾರ 8000 ಅಂಕದಿಂದ 300ಕ್ಕೆ ಇಳಿದಿದ್ದ ನನ್ನ ಮಂತ್ರವಾದಿ ಕೊನೆಯ ಕಾರ್ಡನ್ನು ಬೋರಲಾಗಿಟ್ಟು ಸುಮ್ಮನೆ ಕುಳಿತ. ದಂಡನಾಯಕ ಅಳುಕಿದ. ನೋಡುಗರು ಸಾಲುಸಾಲಾಗಿ ಬರೆದರು: "ದಾಳಿ ಬೇಡ, ಅದು ಬಲೆ!"