ವಿಂಡೋಸ್ 11 ಹಾಕಿದ ಮೇಲೆ ಬ್ಯಾಕಪ್ ನಿಂತಿದೆಯೇ? ಮೊದಲು ಡ್ರೈವ್ ಅಕ್ಷರ ನೋಡಿ

ವಿಂಡೋಸ್ 10ರಿಂದ 11ಕ್ಕೆ ಬಂದ ಮೇಲೆ ರಾತ್ರಿಯ ರೋಬೊಕಾಪಿ (ಫೈಲ್ ನಕಲು ಮಾಡುವ ವಿಂಡೋಸ್‌ನದೇ ಕಮಾಂಡ್) ಬ್ಯಾಕಪ್ ಫೇಲ್ ಆಗುತ್ತಿದ್ದರೆ, ಅದನ್ನು ಓಡಿಸುವ ಸ್ಕ್ರಿಪ್ಟ್ ತಿದ್ದುವ ಮೊದಲು ಹೊರಗಿನ ಹಾರ್ಡ್ ಡಿಸ್ಕಿಗೆ ಅದರ ಹಳೆಯ ಅಕ್ಷರವನ್ನೇ ವಾಪಸ್ ಕೊಡಿ. ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ, ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆದು, ಆ ಡಿಸ್ಕಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಚೇಂಜ್ ಡ್ರೈವ್ ಲೆಟರ್’ ಆರಿಸಿ. ಅಪ್‌ಗ್ರೇಡ್‌ನಲ್ಲಿ ‘ಇ’ ಇದ್ದದ್ದು ‘ಎಫ್’ ಆಗಿಬಿಟ್ಟಿರಬಹುದು, ಸ್ಕ್ರಿಪ್ಟ್ ಮಾತ್ರ ಇನ್ನೂ ‘ಇ’ಯನ್ನೇ ಹುಡುಕುತ್ತಿರುತ್ತದೆ. ಆ ಅಕ್ಷರ ಪಟ್ಟಿಯಲ್ಲಿ ಕಾಣದಿದ್ದರೆ ಅದನ್ನು ಪೆನ್ ಡ್ರೈವ್‌ನಂಥ ಬೇರೆ ಡ್ರೈವ್ ಹಿಡಿದುಕೊಂಡಿರಬಹುದು, ಆ ಪೆನ್ ಡ್ರೈವ್ ತೆಗೆದು ಮತ್ತೆ ನೋಡಿ. ಆಮೇಲೆ ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಟಾಸ್ಕ್ ಶೆಡ್ಯೂಲರ್‌ನಲ್ಲಿ ಆ ಬ್ಯಾಕಪ್ ಆರಿಸಿ ‘ರನ್’ ಒತ್ತಿ ಪರೀಕ್ಷಿಸಿ. ರೋಬೊಕಾಪಿಯ ಫಲಿತಾಂಶ 1 ಬಂದರೆ ಹೆದರಬೇಡಿ, ಫೈಲ್‌ಗಳು ನಕಲಾದವು ಎಂದೇ ಅರ್ಥ. 8 ಅಥವಾ ಹೆಚ್ಚು ಬಂದರೆ ಮಾತ್ರ ಏನೋ ಉಳಿದುಹೋಗಿದೆ. ಶಿರಸಿಯ ಅಡಿಕೆ ವಖಾರಿಗಳಲ್ಲಿ ಟ್ಯಾಲಿ ಲೆಕ್ಕ ಇಡುವವರು ಟ್ಯಾಲಿ ಮುಚ್ಚಿಯೇ ಬ್ಯಾಕಪ್ ಓಡಿಸಿ.

ಅಕ್ಷರ ಸರಿಯಿದ್ದೂ ‘ಆಕ್ಸೆಸ್ ಡಿನೈಡ್’ ಬಂದರೆ ಈ ಉಪಾಯ ನಡೆಯುವುದಿಲ್ಲ. ವಿಂಡೋಸ್ ಸೆಕ್ಯುರಿಟಿಯ ‘ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್’ಗೆ ಹೋಗಿ, ‘ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್’ ಆನ್ ಇದ್ದರೆ ರೋಬೊಕಾಪಿಗೆ ಅನುಮತಿ ಕೊಡಿ. ಡಿಸ್ಕೇ ಕಾಣದಿದ್ದರೆ ಕೇಬಲ್, ಪೋರ್ಟ್ ಬದಲಿಸಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುವ ನಮ್ಮ ಕಡೆ ಇನ್ನೊಂದು ಅಪಾಯವಿದೆ: ನಕಲಾಗುತ್ತಿದ್ದಾಗಲೇ ಕರೆಂಟ್ ಹೋದರೆ ಡಿಸ್ಕ್ ‘ರಾ’ (ವಿಂಡೋಸ್‌ಗೆ ಓದಲಾಗದ ಸ್ಥಿತಿ) ಎಂದು ತೋರಿಸಬಹುದು. ಆಗ ವಿಂಡೋಸ್ ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತದೆ. ದಯವಿಟ್ಟು ‘ಕ್ಯಾನ್ಸಲ್’ ಒತ್ತಿ, ಹಳೆಯ ಬ್ಯಾಕಪ್ ಅದರಲ್ಲೇ ಇನ್ನೂ ಉಳಿದಿರಬಹುದು.