ನಮ್ಮ ಪರ್ಷಿಯನ್ ಬೆಕ್ಕು: ಬಾಚುತ್ತಲೇ ವಿಚಾರಿಸಿಕೊಳ್ಳುವುದು

ಪರ್ಷಿಯನ್ ಬೆಕ್ಕು ತರಬೇಕೆನ್ನುವವರಿಗೆ ನಾನು ಕೂದಲಿಗಿಂತ ಮೊದಲು ಅದರ ಸ್ವಭಾವದ ಬಗ್ಗೆ ಹೇಳುತ್ತೇನೆ. ನಮ್ಮ ಮುತ್ತು ಕೂಗುವುದು ಕಡಿಮೆ. ಪರದೆ ಹತ್ತುವ, ಬೀರುವಿನ ಮೇಲೆ ಹಾರುವ ಚಾಳಿಯಿಲ್ಲ. ನಾನಿರುವ ಕೋಣೆಗೇ ಬಂದು ಕೂರುತ್ತಾನೆ, ತೊಡೆ ಏರುವ ಹಟವಿಲ್ಲ. ಮನೆಯಲ್ಲಿ ಗದ್ದಲವಾದರೆ, ಊಟದ ಹೊತ್ತು ಏರುಪೇರಾದರೆ ಮುದುಡಿಕೊಳ್ಳುತ್ತಾನೆ, ಅಷ್ಟೇ. ಇಷ್ಟು ಸೌಮ್ಯ ಪ್ರಾಣಿ ನೋವನ್ನೂ ಹಾಗೆಯೇ ಸದ್ದಿಲ್ಲದೆ ನುಂಗಿಕೊಳ್ಳುತ್ತದೆ. ಹಾಗಾಗಿ ದಿನವೂ ಬಾಚುವ ಹೊತ್ತೇ ನಾನು ಅವನನ್ನು ವಿಚಾರಿಸಿಕೊಳ್ಳುವ ಹೊತ್ತು.

ಉಂಡು ಮಂಪರು ಹತ್ತಿದಾಗ ಕೂರಿಸಿಕೊಳ್ಳುತ್ತೇನೆ. ಒಂದು ಬದಿ ಅಗಲ ಹಲ್ಲು, ಇನ್ನೊಂದು ಬದಿ ಒತ್ತು ಹಲ್ಲಿರುವ ಲೋಹದ ಬಾಚಣಿಗೆ ಸಾಕು. ಬ್ರಷ್ ಮೇಲ್ಗೂದಲನ್ನು ಮಿರುಗಿಸುತ್ತದೆ. ಗಂಟು ಹುಟ್ಟುವುದು ಚರ್ಮಕ್ಕೆ ಅಂಟಿದಂತಿರುವ, ಅರಳೆಯಂಥ ಒಳಗೂದಲಿನಲ್ಲಿ. ಅದಕ್ಕೇ ಕೂದಲನ್ನು ಪದರ ಪದರವಾಗಿ ಎತ್ತಿ, ಬುಡ ಕಾಣುವಂತೆ ಬೈತಲೆ ತೆಗೆದು, ಮೊದಲು ತುದಿ ಬಿಡಿಸಿ ಆಮೇಲೆ ಬುಡದಿಂದ ಬಾಚುತ್ತೇನೆ. ಬೆನ್ನು ಸಲೀಸು. ತಾಳ್ಮೆ ಬೇಕಾಗುವುದು ಕಿವಿಯ ಹಿಂದೆ, ಕಂಕುಳಲ್ಲಿ, ಹೊಟ್ಟೆಯಲ್ಲಿ, ಹಿಂದೊಡೆಯಲ್ಲಿ. ಹೊಟ್ಟೆ ಮುಟ್ಟಿದಾಗ ಬಾಲ ಬಡಿಯತೊಡಗಿದರೆ ಅಲ್ಲಿಗೇ ಬಿಟ್ಟು, ಉಳಿದದ್ದನ್ನು ಸಂಜೆ ಮುಗಿಸುತ್ತೇನೆ. ಬಲವಂತ ಮಾಡಿದರೆ ಬೆಕ್ಕಿಗೆ ಬಾಚಣಿಗೆಯೇ ಹಗೆಯಾಗಿಬಿಡುತ್ತದೆ.

ಗಂಟು ಸಿಕ್ಕರೆ ಅದರ ಬುಡವನ್ನು ಬೆರಳಲ್ಲಿ ಒತ್ತಿ ಹಿಡಿಯುತ್ತೇನೆ, ಚರ್ಮ ಜಗ್ಗದಿರಲಿ ಎಂದು. ಚೂರು ಕಾರ್ನ್‌ಫ್ಲೋರ್ ಉದುರಿಸಿ ಎಳೆ ಎಳೆಯಾಗಿ ಬಿಡಿಸುತ್ತೇನೆ. ಕತ್ತರಿ ಮಾತ್ರ ಬೇಡವೇ ಬೇಡ. ಬೆಕ್ಕಿನ ಚರ್ಮ ತೆಳು, ಸಡಿಲ. ಗಂಟಿನ ಜೊತೆ ಮೇಲೆದ್ದು ಕತ್ತರಿಯ ಬಾಯಿಗೆ ಸಿಕ್ಕಿಬಿಡುತ್ತದೆ. ಬಿಡದ ಗಂಟನ್ನು ಪಶುವೈದ್ಯರ ಬಳಿ ಕ್ಲಿಪ್ಪರ್‌ನಿಂದ ತೆಗೆಸುವುದೇ ಸರಿ. ಸ್ನಾನ ಗಂಟೆಲ್ಲ ಬಿಡಿಸಿದ ಮೇಲೆಯೇ, ಏಕೆಂದರೆ ನೀರು ತಾಗಿದ ಗಂಟು ಇನ್ನೂ ಬಿಗಿಯುತ್ತದೆ.

ಈ ನಡುವೆಯೇ ಬೆರಳು ಬೇರೆ ಸಂಗತಿಗಳನ್ನೂ ಹುಡುಕುತ್ತಿರುತ್ತದೆ. ಬೆಕ್ಕು ಬಡವಾದರೂ ದಟ್ಟ ಕೂದಲು ಅದನ್ನು ಮುಚ್ಚಿಡುತ್ತದೆ. ಬೆನ್ನೆಲುಬು ಕೈಗೆ ಹೆಚ್ಚು ಸಿಗುತ್ತಿದೆ ಎನಿಸಿದರೆ ತೂಕ ನೋಡುತ್ತೇನೆ. ಕೂದಲುದುರಿದ ಗುಂಡನೆಯ ಕಲೆ ಕಂಡರೆ ವೈದ್ಯರಿಗೆ ತೋರಿಸಲೇಬೇಕು. ಅದು ಹುಳುಕಡ್ಡಿಯಾಗಿರಬಹುದು, ಈ ತಳಿಗೆ ಸುಲಭವಾಗಿ ಅಂಟುವ ಶಿಲೀಂಧ್ರ ಅದು, ಮನುಷ್ಯರಿಗೂ ಹತ್ತುತ್ತದೆ.

ಮುಖದ ಆರೈಕೆಯೇ ಬೇರೆ. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಬೆಕ್ಕಿನ ಪ್ರದರ್ಶನ ನಡೆದ ಕಾಲಕ್ಕೆ ಈ ತಳಿಯ ಮೂಗು ಇಷ್ಟು ಮೊಟಕಾಗಿರಲಿಲ್ಲ. ಆಮೇಲೆ ತಳಿಗಾರರು ಚಪ್ಪಟೆ ಮುಖವನ್ನೇ ಆರಿಸಿ ಆರಿಸಿ ಹೀಗಾಯಿತು. ಅತಿ ಚಪ್ಪಟೆಯನ್ನು ಚೆಂದವೆನ್ನಲು ನನಗೆ ಮನಸ್ಸು ಬರುವುದಿಲ್ಲ, ಬೆಲೆ ತೆರುವುದು ಬೆಕ್ಕು. ಕಣ್ಣೀರಿನ ನಾಳ ಸೊಟ್ಟಗಾಗಿ ನೀರು ಕೆನ್ನೆಗಿಳಿದು ಕಂದು ಕಲೆ ಕಟ್ಟುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ದಿನವೂ ಒರೆಸುತ್ತೇನೆ, ಒಂದೊಂದು ಕಣ್ಣಿಗೂ ಬೇರೆ ತುಂಡು. ಕಣ್ಣು ಕಿರಿದು ಮಾಡಿದರೆ, ಹಳದಿ ಗೀಜು ಬಂದರೆ ಅಂದೇ ವೈದ್ಯರ ಹತ್ತಿರ. ಸೆಕೆಯಲ್ಲಿ ತಂಪಾದ ಜಾಗ ಬೇಕು. ಬಾಯಿ ತೆರೆದು ಏದುಸಿರು ಬಿಡುವುದು ಬೆಕ್ಕಿಗೆ ಸಹಜವಲ್ಲ. ಊಟಕ್ಕೆ ಆಳವಿಲ್ಲದ ಅಗಲ ತಟ್ಟೆ.

ಕೈಗೂ ಸಿಗದ, ಕಣ್ಣಿಗೂ ಕಾಣದ ಕಾಯಿಲೆ ಮೂತ್ರಪಿಂಡದಲ್ಲಿ ನೀರುಗುಳ್ಳೆ ಬೆಳೆಯುವ ಪಿಕೆಡಿ. ಅದರ ಜೀನ್ ತಂದೆತಾಯಿಯಲ್ಲಿ ಒಬ್ಬರಿಂದ ಬಂದರೂ ಸಾಕು, ಮರಿಗೆ ಕಾಯಿಲೆ ಬರುತ್ತದೆ. ಲಕ್ಷಣ ಕಾಣಿಸುವುದು ಸಾಮಾನ್ಯವಾಗಿ ನಡುವಯಸ್ಸಿನಲ್ಲಿ. ಕೆನ್ನೆಯ ಒಳಗಿನಿಂದ ಹತ್ತಿಯಲ್ಲಿ ಮಾದರಿ ತೆಗೆದು ಮಾಡುವ ಜೀನ್ ಪರೀಕ್ಷೆಯಿದೆ. ಮುತ್ತುವನ್ನು ತರುವ ಮೊದಲು ಅವನ ತಂದೆತಾಯಿಯ ವರದಿ ಕೇಳಿ ಪಡೆದಿದ್ದೆ. ನೀವೂ ಕೇಳಿ. ತೋರಿಸಲು ಹಿಂದೆಮುಂದೆ ನೋಡುವವರ ಬಳಿ ಮರಿ ತರಬೇಡಿ.